ಕಟ್ಟೆಯ ನೀರಿಗೊಂದು, ಹೊಲದ ಮಳೆಗೊಂದು: ಯಾವ ಮುನ್ಸೂಚನೆಯನ್ನು ಎಷ್ಟು ನಂಬಬಹುದು?

ಮೈಸೂರು–ಮಂಡ್ಯ ಸೀಮೆ ಎರಡು ಮಳೆ ನಂಬಿ ಬದುಕುತ್ತದೆ. ಒಂದು ಕೊಡಗಿನಲ್ಲಿ ಸುರಿದು, ಕಾವೇರಿಯಲ್ಲಿ ಹರಿದು, ಕನ್ನಂಬಾಡಿ ಕಟ್ಟೆಯಲ್ಲಿ ನಿಂತು, ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯಲ್ಲಿ ಗದ್ದೆಗೆ ಇಳಿಯುವ ಮಳೆ. ಇನ್ನೊಂದು ನಮ್ಮ ತಲೆಯ ಮೇಲೇ ಬೀಳುವುದು. ಪಾಂಡವಪುರ, ಮದ್ದೂರಿನ ನಾಲೆ ಬಯಲಿನವರಿಗೆ ಮೊದಲನೆಯದು ಬಾರದೆ ನಾಟಿ ಇಲ್ಲ. ನಾಗಮಂಗಲದ ಖುಷ್ಕಿ ಹೊಲದಲ್ಲಿ ರಾಗಿ ಬಿತ್ತುವವರಿಗೆ ಕಟ್ಟೆ ತುಂಬಿದರೂ ಅಷ್ಟೆ, ಬಿಟ್ಟರೂ ಅಷ್ಟೆ. "ಯಾವ ಆ್ಯಪ್ ಒಳ್ಳೇದಣ್ಣ?" ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು, "ಯಾವ ಮಳೆ ಮಾತಪ್ಪ ನಿಂದು?" ಅಂತ. ಕಂಪ್ಯೂಟರಿಗೆ ಈ ಎರಡರಲ್ಲಿ ಒಂದು ಸಲೀಸು, ಇನ್ನೊಂದು ಬಲು ಕಷ್ಟ. ಅದನ್ನು ಬಿಟ್ಟು ಆ್ಯಪುಗಳ ಹೆಸರು ಹಿಡಿದು ಜಗಳವಾಡಿದರೆ ಪ್ರಯೋಜನವಿಲ್ಲ.

ಕೊಡಗಿನ ಜುಲೈ ಮಳೆ ಹುಟ್ಟುವುದು ಅರಬ್ಬಿ ಸಮುದ್ರದ ಮೇಲಿಂದ ಬರುವ ಪಶ್ಚಿಮದ ಗಾಳಿಯಿಂದ. ಆ ಗಾಳಿ ಸಾವಿರಾರು ಕಿಲೋಮೀಟರ್ ಹರಡಿರುತ್ತದೆ. ಘಟ್ಟಕ್ಕೆ ಬಡಿದು ಮೇಲೇರಿ ತಣ್ಣಗಾಗಿ ಸುರಿಯುತ್ತದೆ. ಗಾಳಿ ಯಾವಾಗ ಬಿರುಸಾಗುತ್ತದೆ, ಯಾವಾಗ ಸೊರಗುತ್ತದೆ ಎಂಬುದನ್ನು ಕಂಪ್ಯೂಟರ್ ನಾಲ್ಕೈದು ದಿನ ಮುಂಚೆ ಚೆನ್ನಾಗಿಯೇ ಹೇಳುತ್ತದೆ. ಘಟ್ಟವಂತೂ ಎಲ್ಲಿಗೂ ಹೋಗುವುದಿಲ್ಲ.

ಮೈಸೂರು, ಮಂಡ್ಯ ಇರುವುದು ಘಟ್ಟದ ಮಳೆ ನೆರಳಿನಲ್ಲಿ. ಮಡಿಕೇರಿಗೆ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಮೈಸೂರಿಗೆ ಸುಮಾರು 800. ಅದೂ ಜುಲೈಯಲ್ಲಲ್ಲ, ಮೇಯಲ್ಲಿ ಒಂದು ಸಲ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಂದು ಸಲ. ಮಧ್ಯಾಹ್ನದವರೆಗೂ ನೆತ್ತಿ ಸುಡುವ ಬಿಸಿಲು, ನಾಲ್ಕು ಗಂಟೆಗೆ ಮೋಡ ಕಟ್ಟಿ, ಐದಕ್ಕೆ ಗುಡುಗು ಸಿಡಿಲು, ಆರಕ್ಕೆ ಎಲ್ಲ ಮುಗಿದು ಮಣ್ಣಿನ ವಾಸನೆ. ಈ ಗುಡುಗು ಮಳೆಯ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರ್. ಆಯುಸ್ಸು ಅರ್ಧ ಗಂಟೆಯಿಂದ ಒಂದು ಗಂಟೆ. ಮೈಸೂರಿನಲ್ಲಿ ಕುವೆಂಪುನಗರ ತೊಯ್ದು ತೊಪ್ಪೆಯಾಗಿ ಬನ್ನಿಮಂಟಪದಲ್ಲಿ ಧೂಳು ಹಾರುವುದು ಇದಕ್ಕೇ. ಕಂಪ್ಯೂಟರು ಸೋಲುವುದೂ ಇಲ್ಲೇ.

ಚೌಕದ ಲೆಕ್ಕ

ಮುನ್ಸೂಚನೆಯ ಮಾದರಿ ಎಂದರೆ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ ಮೇಲಿನ ಗಾಳಿ, ಶಾಖ, ತೇವ, ಒತ್ತಡ ಕೆಲವು ನಿಮಿಷಗಳ ನಂತರ ಏನಾಗುತ್ತದೆ ಎಂದು ಭೌತಶಾಸ್ತ್ರದ ಸಮೀಕರಣಗಳಿಂದ ಲೆಕ್ಕ ಹಾಕಿ, ಆ ಉತ್ತರದಿಂದಲೇ ಮತ್ತೆ ಮುಂದಿನ ಲೆಕ್ಕ ಶುರುಮಾಡುವುದು. ಚೌಕಕ್ಕಿಂತ ಚಿಕ್ಕದಾದದ್ದು ಲೆಕ್ಕಕ್ಕೆ ನೇರವಾಗಿ ಸಿಕ್ಕುವುದಿಲ್ಲ. ಹುರುಳಿ ಜರಡಿಯಲ್ಲಿ ರಾಗಿ ಹಿಡಿದ ಹಾಗೆ.

ಮಂಡ್ಯ ಜಿಲ್ಲೆಯ ವಿಸ್ತೀರ್ಣ ಸುಮಾರು 4,960 ಚದರ ಕಿ.ಮೀ. ಅಮೆರಿಕದ ಜಿಎಫ್‌ಎಸ್ ಮಾದರಿಯ ಚೌಕದ ಬದಿ ಸುಮಾರು 13 ಕಿ.ಮೀ.; ಅದರ ಕಣ್ಣಿಗೆ ಇಡೀ ಜಿಲ್ಲೆ 30 ಚೌಕವೂ ಇಲ್ಲ. ಜರ್ಮನಿಯ ಐಕಾನ್ ಮಾದರಿಯದೂ ಅದೇ ಅಳತೆ. 1975ರಲ್ಲಿ ಸ್ಥಾಪನೆಯಾದ, ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಯುರೋಪಿಯನ್ ಹವಾಮಾನ ಕೇಂದ್ರದ ಮಾದರಿ 9 ಕಿ.ಮೀ.; ಅಲ್ಲಿ ಜಿಲ್ಲೆ ಸುಮಾರು 60 ಚೌಕ. ನಮ್ಮ ಹವಾಮಾನ ಇಲಾಖೆ ಬಹಳ ವರ್ಷ 12 ಕಿ.ಮೀ. ಮಾದರಿಯಲ್ಲೇ ಇತ್ತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' 2025ರ ಮೇ ತಿಂಗಳಲ್ಲಿ ಬಂದ ಮೇಲೆ 6 ಕಿ.ಮೀ.ಗೆ ಇಳಿಯಿತು, ಅಂದರೆ ಜಿಲ್ಲೆಗೆ ಸುಮಾರು 138 ಚೌಕ. ದೊಡ್ಡ ಸುಧಾರಣೆ, ಅನುಮಾನವಿಲ್ಲ. ಆದರೂ ಒಂದು ಗುಡುಗು ಮೋಡವನ್ನು ಅದರ ಆಕಾರದಲ್ಲಿ ಕಾಣಬೇಕಾದರೆ ಒಂದು ಚೌಕ ಸಾಲದು, ಅಕ್ಕಪಕ್ಕ ಹಲವು ಬೇಕು. ಇಲಾಖೆ 3 ಕಿ.ಮೀ.ನ ಪ್ರಾದೇಶಿಕ ಮಾದರಿಯನ್ನೂ ಓಡಿಸುತ್ತದೆ. ಅದು ಮೋಡದಂಥದ್ದೇನೋ ತೋರಿಸುತ್ತದೆ. ಆದರೆ ಮಳವಳ್ಳಿಯ ಮೇಲೆ ತೋರಿಸಿದ್ದು ಕೊಳ್ಳೇಗಾಲದಲ್ಲಿ ಬಿದ್ದರೆ ಆಶ್ಚರ್ಯಪಡಬೇಕಿಲ್ಲ.

2024ರ ಅಕ್ಟೋಬರಿನಿಂದ ಕೇಂದ್ರ ಸರ್ಕಾರ ಗ್ರಾಮ ಪಂಚಾಯಿತಿ ಮಟ್ಟದ ಮುನ್ಸೂಚನೆ ಕೊಡುತ್ತಿದೆ. ನಿಮ್ಮ ಪಂಚಾಯಿತಿಯ ಹೆಸರು ತೆರೆಯ ಮೇಲಿದೆ ಎಂದ ಮಾತ್ರಕ್ಕೆ ಕಂಪ್ಯೂಟರು ನಿಮ್ಮ ಊರಿನ ಮೋಡವನ್ನು ಬೇರೆಯಾಗಿ ನೋಡಿದೆ ಎಂದುಕೊಳ್ಳಬೇಡಿ. ಚೌಕದ ಉತ್ತರವನ್ನು ಅದರೊಳಗಿನ ಊರುಗಳಿಗೆಲ್ಲ ಹಂಚಿರುತ್ತಾರೆ. ಫೋನಿನ ಆ್ಯಪು "ಸಂಜೆ 5:20ಕ್ಕೆ ಮಳೆ" ಎಂದು ನಿಮಿಷದ ಲೆಕ್ಕ ಕೊಡುವುದೂ ಇಂಥದ್ದೇ ಅಲಂಕಾರ.

ನಮ್ಮಲ್ಲಿ ಬಿದ್ದ ಮಳೆಯ ಲೆಕ್ಕ ಬೀಳಲಿರುವ ಮಳೆಯ ಲೆಕ್ಕಕ್ಕಿಂತ ನಯವಾಗಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದದ್ದು, ಪಂಚಾಯಿತಿಗೊಂದು ಸ್ವಯಂಚಾಲಿತ ಮಳೆ ಮಾಪಕ ಇಟ್ಟಿದೆ. 15 ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ಬೇರೆ ರಾಜ್ಯದವರು ಹೊಟ್ಟೆಕಿಚ್ಚು ಪಡಬೇಕಾದ ವ್ಯವಸ್ಥೆ. ಬೆಳೆ ವಿಮೆಯ ಲೆಕ್ಕಕ್ಕೂ ಇದೇ ಬಳಕೆಯಾಗುತ್ತದೆ. ಅದರ 'ವರುಣ ಮಿತ್ರ' ಸಹಾಯವಾಣಿಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ವಯಸ್ಸಾದವರಿಗೆ ನಾನು ಯಾವ ಆ್ಯಪನ್ನೂ ಹೇಳುವುದಿಲ್ಲ, ಇದನ್ನೇ ಹೇಳುತ್ತೇನೆ.

ಇವತ್ತು, ನಾಳೆ, ಇನ್ನು ನಾಲ್ಕು ದಿನ

ಮುಂದಿನ ಎರಡು ಮೂರು ಗಂಟೆಗೆ ಮಾದರಿಗಳನ್ನು ಪಕ್ಕಕ್ಕಿಡಿ. ಉಪಗ್ರಹದ ಚಿತ್ರ, ಸಿಡಿಲಿನ ಸಂವೇದಕ, ನಿಮ್ಮ ಕಣ್ಣು, ಇಷ್ಟು ಸಾಕು. 'ದಾಮಿನಿ' ಆ್ಯಪು ನೀವು ನಿಂತ ಜಾಗದಿಂದ 20 ಮತ್ತು 40 ಕಿ.ಮೀ. ದೂರದೊಳಗಿನ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಏಪ್ರಿಲ್–ಮೇಯಲ್ಲಿ ದನ ಮೇಯಿಸುವವರ, ಹೊಲದಲ್ಲಿ ಕೆಲಸ ಮಾಡುವವರ ಫೋನಿನಲ್ಲಿ ಬೇರೆ ಯಾವುದೂ ಇಲ್ಲದಿದ್ದರೂ ಇದಿರಲಿ. ಮರದಡಿ ನಿಲ್ಲಬೇಡಿ ಎಂಬ ಹಳೆಯ ಮಾತು ಆ್ಯಪ್ ಬಂದ ಮೇಲೂ ಹಳತಾಗಿಲ್ಲ.

ಒಂದರಿಂದ ಮೂರು ದಿನ: ಇಲ್ಲಿ ಎಲ್ಲ ದೊಡ್ಡ ಮಾದರಿಗಳೂ ಕೆಲಸಕ್ಕೆ ಬರುತ್ತವೆ. ಗರಿಷ್ಠ ತಾಪಮಾನದಲ್ಲಿ ಸಾಮಾನ್ಯವಾಗಿ ಒಂದೆರಡು ಡಿಗ್ರಿ ಹೆಚ್ಚು ಕಡಿಮೆ, ಅಷ್ಟೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ, ಚಂಡಮಾರುತಗಳ ವಿಷಯದಲ್ಲಿ ನಮ್ಮ ಇಲಾಖೆಯನ್ನು ಕಣ್ಣುಮುಚ್ಚಿ ನಂಬುತ್ತೇನೆ. 2024ರ ನವೆಂಬರ್ ಕೊನೆಯಲ್ಲಿ ಪುದುಚೇರಿ ಬಳಿ ದಡ ಮುಟ್ಟಿದ ಫೆಂಗಲ್ ನೆನಪಿರಬಹುದು. ಭತ್ತ, ರಾಗಿ ಕುಯ್ಲಿನ ಹೊತ್ತಿಗೆ ಸರಿಯಾಗಿ ಅದರ ಮಳೆ ಇಲ್ಲಿಗೂ ಬಂತು. ಇಂಥ ಮಳೆ ದೊಡ್ಡ ವ್ಯವಸ್ಥೆಯ ಬಾಲ, ಜರಡಿಯಲ್ಲಿ ನಿಲ್ಲುತ್ತದೆ. ನವೆಂಬರ್–ಡಿಸೆಂಬರಿನಲ್ಲಿ "ಕೊಲ್ಲಿಯಲ್ಲಿ ಕುಸಿತ" ಎಂಬ ಸುದ್ದಿ ಬಂದರೆ ಕೊಯ್ದ ಭತ್ತವನ್ನು ಗದ್ದೆಯಲ್ಲಿ ಬಿಡಬೇಡಿ, ಮೆದೆ ಹಾಕಿ ಮುಚ್ಚಿ. ಮೇ ತಿಂಗಳ "ಸಂಜೆ ಗುಡುಗು ಸಹಿತ ಮಳೆ" ಎಂಬ ಸುದ್ದಿಗೆ ಅಷ್ಟು ತೂಕ ಕೊಡಲಾರೆ. ಅದು ಸುಳ್ಳು ಅಂತಲ್ಲ. ಜಿಲ್ಲೆಯಲ್ಲಿ ಎಲ್ಲೋ ಬರುತ್ತದೆ ಎಂಬುದು ಬಹುಮಟ್ಟಿಗೆ ನಿಜವೇ ಆಗುತ್ತದೆ. ನಿಮ್ಮ ಹೊಲದಲ್ಲೇ ಎಂಬುದಕ್ಕೆ ಆಧಾರವಿಲ್ಲ.

ಇಲಾಖೆಯ ಭಾಷೆಯನ್ನೂ ಸ್ವಲ್ಪ ಬಿಡಿಸಿ ಓದಬೇಕು. "ಅಲ್ಲಲ್ಲಿ" ಎಂದರೆ ಆ ಭಾಗದ ಮಳೆ ಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಮಳೆ. ಅಲ್ಲಿಂದ ಮುಂದಿನ ಮೆಟ್ಟಿಲುಗಳು ಅರ್ಧದವರೆಗೆ, ಮುಕ್ಕಾಲಿನವರೆಗೆ, ಅದಕ್ಕೂ ಹೆಚ್ಚು. "ಭಾರಿ ಮಳೆ" ಎಂದರೆ 24 ಗಂಟೆಯಲ್ಲಿ 64.5 ಮಿ.ಮೀ. ದಾಟಬೇಕು, 115.6ರಿಂದ "ಅತಿ ಭಾರಿ", 204.4 ಮೀರಿದರೆ ಅದಕ್ಕೂ ಮೇಲಿನ ದರ್ಜೆ. ಹಳದಿ ಎಚ್ಚರಿಕೆ ಎಂದರೆ ಗಮನವಿಡಿ ಎಂದಷ್ಟೆ, ಟಿ.ವಿ.ಯವರು ಅದನ್ನೇ ಕೆಂಪು ಮಾಡಿ ಕೂಗುತ್ತಾರೆ. ಎಚ್ಚರಿಕೆ ಕೊಡುವುದು ಜಿಲ್ಲೆಗೆ. ಮೈಸೂರು ಜಿಲ್ಲೆಯಲ್ಲಿ ಘಟ್ಟದ ಅಂಚಿನ ಪಿರಿಯಾಪಟ್ಟಣವೂ ಇದೆ, ಒಣ ಬಯಲಿನ ತಿ. ನರಸೀಪುರವೂ ಇದೆ. ಜುಲೈಯಲ್ಲಿ ಜಿಲ್ಲೆಗೆ ಹಳದಿ ಬಣ್ಣ ಬಂದರೆ ನರಸೀಪುರದವರು ಹೆಚ್ಚಾಗಿ ಛತ್ರಿಯನ್ನೂ ಬಿಚ್ಚುವುದಿಲ್ಲ.

ನಾಲ್ಕರಿಂದ ಏಳು ದಿನಕ್ಕೆ ನಾನು ಯುರೋಪಿಯನ್ ಮಾದರಿಯತ್ತ ವಾಲುತ್ತೇನೆ. ವಿಂಡಿಯಂಥ ತಾಣಗಳಲ್ಲಿ ಅದನ್ನೂ ಜಿಎಫ್‌ಎಸ್, ಐಕಾನ್‌ಗಳನ್ನೂ ಒಂದರ ಪಕ್ಕ ಒಂದಿಟ್ಟು ನೋಡಬಹುದು. ಮೂರೂ ಒಂದೇ ಮಾತು ಹೇಳಿದರೆ ಧೈರ್ಯ. ಮೂರು ಮೂರು ಕಡೆ ಎಳೆದರೆ ಯಾರಿಗೂ ಗೊತ್ತಿಲ್ಲ ಎಂದು ಅರ್ಥ, ಮತ್ತು ಹಾಗೆ ಗೊತ್ತಾಗುವುದೂ ಒಂದು ಸುದ್ದಿಯೇ. ದಶಕಕ್ಕೆ ಒಂದು ದಿನದಂತೆ ಮುನ್ಸೂಚನೆಯ ದೃಷ್ಟಿ ಉದ್ದವಾಗುತ್ತ ಬಂದಿದೆ ಎಂಬ ಮಾತಿದೆ, ಸರಿ ಕೂಡ. ಆದರೆ ಅದು ಮುಖ್ಯವಾಗಿ ಸಮಶೀತೋಷ್ಣ ವಲಯದ ಗಾಳಿ, ಒತ್ತಡಗಳ ಲೆಕ್ಕ. ಉಷ್ಣವಲಯದ ಮಳೆ ಆ ವೇಗದಲ್ಲಿ ಲೆಕ್ಕಕ್ಕೆ ಸಿಕ್ಕಿಲ್ಲ.

ನಾಲೆ ಬಯಲಿನವರು ಇಲ್ಲೊಂದು ಉಪಾಯ ಮಾಡಬಹುದು. ಮುನ್ಸೂಚನೆಯಲ್ಲಿ ಮಂಡ್ಯ ಎಂದು ಹುಡುಕಬೇಡಿ. ಭಾಗಮಂಡಲ, ಮಡಿಕೇರಿ ಎಂದು ಹುಡುಕಿ. ಹೇಮಾವತಿಯ ಪಾಲಿಗೆ ಸಕಲೇಶಪುರ, ಮೂಡಿಗೆರೆ ಕಡೆ ನೋಡಿ. ಅಲ್ಲಿ ಐದು ದಿನ ಜೋರು ಮಳೆ ಎಂದಿದ್ದರೆ ಕಟ್ಟೆಯ ಒಳಹರಿವು ಏರುವುದನ್ನು ನಂಬಿ ಒಟ್ಲು (ಭತ್ತದ ಸಸಿಮಡಿ) ಹಾಕುವ ಯೋಚನೆ ಮಾಡಬಹುದು, ನೀರು ಬಿಡುವ ತೀರ್ಮಾನ ಬೆಂಗಳೂರಿನಲ್ಲಿ ಆಗುವುದು ಬೇರೆ ಮಾತು. ಒಂದೇ ಎಚ್ಚರ: ವಿಪರೀತ ಮಳೆಯ ಪ್ರಮಾಣವನ್ನು ಮಾದರಿಗಳು ಸಾಮಾನ್ಯವಾಗಿ ಕಡಿಮೆಯೇ ತೋರಿಸುತ್ತವೆ. ಹಾಗಾಗಿ ನದಿ ದಡದಲ್ಲಿ ಪಂಪ್‌ಸೆಟ್ ಇಟ್ಟವರು ಮುನ್ಸೂಚನೆಯ ಅಂಕಿಗಿಂತ ಹೊರಹರಿವಿನ ಕ್ಯೂಸೆಕ್ ಅಂಕಿಯನ್ನು ನೋಡುವುದು ಕ್ಷೇಮ.

ಕೃಷಿ ಸಲಹೆಯೂ ಬೇಕೆಂದರೆ 'ಮೇಘದೂತ' ಆ್ಯಪು ಇದೆ, 2019ರಿಂದ. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಸಲಹಾ ಪತ್ರಿಕೆ ಬರುತ್ತದೆ. ನಮ್ಮ ದಕ್ಷಿಣ ಒಣ ವಲಯಕ್ಕೆ ಅದನ್ನು ಸಿದ್ಧಮಾಡುವುದು ಮೈಸೂರಿನ ಬಳಿಯ ನಾಗನಹಳ್ಳಿಯ ಕೃಷಿ ಹವಾಮಾನ ಘಟಕ. ಅಂಕಿಗಳು ಕಂಪ್ಯೂಟರಿನವಾದರೂ ಕೊನೆಯಲ್ಲಿ ಈ ಸೀಮೆಯ ಮಣ್ಣು ಬಲ್ಲ ಮನುಷ್ಯರ ಕಣ್ಣು ಹಾಯ್ದಿರುತ್ತದೆ. ಅಂದವಿಲ್ಲ, ಆ್ಯಪು ಆಗಾಗ ತಿಣುಕುತ್ತದೆ, ಆದರೂ ಹೊಲದ ಕೆಲಸಕ್ಕೆ ಹೊಳಪಿನ ವಿದೇಶಿ ಆ್ಯಪುಗಳಿಗಿಂತ ನನ್ನ ಮತ ಇದಕ್ಕೇ.

ಶೇಕಡಾ 40 ಎಂದರೆ ಏನು ಮಾಡಬೇಕು?

1961ರಲ್ಲಿ ಅಮೆರಿಕದ ಎಡ್ವರ್ಡ್ ಲೊರೆನ್ಜ್ ತಮ್ಮ ಪುಟ್ಟ ಕಂಪ್ಯೂಟರಿನಲ್ಲಿ ಹವೆಯ ಲೆಕ್ಕವೊಂದನ್ನು ಮತ್ತೆ ಓಡಿಸಲು 0.506127 ಎಂಬ ಅಂಕಿಯ ಬದಲು ಚಿಕ್ಕದಾಗಿ 0.506 ಎಂದು ಕೊಟ್ಟರು. ಸ್ವಲ್ಪ ಹೊತ್ತು ಎರಡು ಲೆಕ್ಕಗಳೂ ಜೊತೆಗೆ ನಡೆದು, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಾದವು. ಇವತ್ತಿನ ಹವೆಯನ್ನು ಎಷ್ಟು ನಿಖರವಾಗಿ ಅಳೆದರೂ ಎರಡು ವಾರದಾಚೆಗಿನ ದಿನದ ಹವೆ ಹೇಳಲಾಗದು ಎಂಬ ಮಿತಿ ಅಲ್ಲಿಂದಲೇ ಗೊತ್ತಾಗುತ್ತ ಬಂತು. ಅದಕ್ಕೇ ಈಗ ಯಾರೂ ಲೆಕ್ಕವನ್ನು ಒಂದೇ ಸಲ ಓಡಿಸುವುದಿಲ್ಲ. ಯುರೋಪಿಯನ್ ಕೇಂದ್ರ ಆರಂಭದ ಅಂಕಿಗಳನ್ನು ಒಂದಿಷ್ಟೇ ಅಲುಗಾಡಿಸಿ 51 ಸಲ ಓಡಿಸುತ್ತದೆ. ಜಿಎಫ್‌ಎಸ್ 31 ಸಲ. 51ರಲ್ಲಿ 20 ಸಲ ಮಳೆ ಬಂದರೆ ಸುಮಾರು ಶೇ 40.

ಶೇ 40 ಎಂದ ದಿನ ಮಳೆ ಬಂದರೂ ಮುನ್ಸೂಚನೆ ಸೋತಿಲ್ಲ, ಬಾರದಿದ್ದರೂ ಗೆದ್ದಿಲ್ಲ. ಹಾಗೆ ಹೇಳಿದ ನೂರು ದಿನಗಳಲ್ಲಿ ಸುಮಾರು ನಲವತ್ತು ದಿನ ಬಂದಿತ್ತೇ ಎಂಬುದೇ ಪರೀಕ್ಷೆ. ಇನ್ನು, 40 ಹೆಚ್ಚೋ ಕಡಿಮೆಯೋ ಎಂಬುದು ನೀವು ಮಾಡಲಿರುವ ಕೆಲಸದ ಮೇಲೆ ನಿಂತಿದೆ.

ಕಣದಲ್ಲಿ ರಾಗಿ ಹರಡಿದೆ ಎಂದಿಟ್ಟುಕೊಳ್ಳಿ. ಟಾರ್ಪಾಲು ತಂದು, ಇಬ್ಬರು ಆಳಿಟ್ಟು ಮುಚ್ಚಲು 2,000 ರೂಪಾಯಿ. ನೆನೆದರೆ 20,000 ನಷ್ಟ. ಖರ್ಚು ನಷ್ಟದ ಹತ್ತನೇ ಒಂದು ಭಾಗ. ಹಾಗಾದರೆ ಮಳೆಯ ಸಂಭವ ಶೇ 10 ದಾಟಿದೊಡನೆ ಮುಚ್ಚುವುದೇ ಲೆಕ್ಕಕ್ಕೆ ಸರಿ. ಒಂಬತ್ತು ಸಲ ಸುಮ್ಮನೆ ಮುಚ್ಚಿದಿರಿ ಎಂದು ನೆರೆಯವರು ನಗಬಹುದು, ನಗಲಿ. ಔಷಧಿ ಸಿಂಪಡಣೆಯ ಲೆಕ್ಕ ಬೇರೆ. ಮಳೆಗೆ ತೊಳೆದುಹೋದರೆ ಔಷಧಿ, ಕೂಲಿ ಎರಡೂ ಹೋಯಿತು; ಹಾಗೆಂದು ಕಾಯುತ್ತ ಕೂತರೆ ಹುಳ ಕಾಯುವುದಿಲ್ಲ. ಅಲ್ಲಿ ಶೇ 40, 50ರವರೆಗೂ ಧೈರ್ಯ ಮಾಡಿ ಬೆಳಿಗ್ಗೆ ಬೇಗ ಸಿಂಪಡಿಸಿ ಮುಗಿಸುವುದು ಜಾಣತನ, ನಮ್ಮ ಮಳೆ ಹೇಗೂ ಸಂಜೆಯದು. ಆಲೆಮನೆಯವರಿಗೆ ಕಬ್ಬಿನ ಸಿಪ್ಪೆ ಒಣಗಿಲ್ಲದಿದ್ದರೆ ಒಲೆಯೇ ಉರಿಯದು. ಅವರು ರಾಗಿಯವರಂತೆ ಸಣ್ಣ ಸಂಭವಕ್ಕೂ ಹೆದರಬೇಕು. ಮೈಸೂರಿನಲ್ಲಿ ಅಕ್ಟೋಬರ್ ಸಂಜೆ ಬಯಲಿನಲ್ಲಿ ಆರತಕ್ಷತೆ ಇಟ್ಟುಕೊಂಡವರಿಗೆ ಯಾವ ಆ್ಯಪೂ ಬೇಡ, ಮಳೆ ಬರುತ್ತದೆ ಎಂದುಕೊಂಡೇ ಶಾಮಿಯಾನ ಹೇಳಿ. ದಸರಾ ಹೊತ್ತಿಗೆ ಮಳೆ ಬಂದಾಗಲೆಲ್ಲ "ಅಕಾಲಿಕ ಮಳೆ" ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಕ್ಟೋಬರ್ ನಮ್ಮ ಊರಿನ ಮಳೆಗಾಲವೇ.

ಏಪ್ರಿಲ್‌ನಲ್ಲಿ ಬರುವ ಮುಂಗಾರಿನ ಭವಿಷ್ಯ

ಇಲಾಖೆ ಹುಟ್ಟಿದ್ದು 1875ರಲ್ಲಿ; 1886ರಿಂದಲೇ ಇಡೀ ಮುಂಗಾರಿನ ಮುನ್ಸೂಚನೆ ಕೊಡುತ್ತ ಬಂದಿದೆ. ಈಗ ಏಪ್ರಿಲ್ ಮಧ್ಯದಲ್ಲಿ ಒಂದು, ಮೇ ಕೊನೆಯಲ್ಲಿ ಪರಿಷ್ಕರಿಸಿದ್ದೊಂದು. ದೇಶದ ಸರಾಸರಿ 87 ಸೆಂ.ಮೀ.; ಅದರ ಶೇ 96ರಿಂದ 104 ಬಂದರೆ "ಸಾಮಾನ್ಯ".

ದಾಖಲೆ ಮಿಶ್ರ. 2002ರಲ್ಲಿ ಶೇ 101 ಎಂದಿತ್ತು, ಬಂದದ್ದು 81. 2009ರಲ್ಲಿ ಏಪ್ರಿಲ್‌ನಲ್ಲಿ 96 ಎಂದಿತ್ತು, ಬಂದದ್ದು 78. ಎರಡೂ ದೊಡ್ಡ ಬರಗಾಲ, ಎರಡನ್ನೂ ಮುಂಚೆ ಹೇಳಲಾಗಲಿಲ್ಲ. ಇತ್ತೀಚೆಗೆ ಗುರಿ ಹತ್ತಿರವಾಗಿದೆ: 2024ರಲ್ಲಿ 106 ಎಂದು 108 ಬಂತು; 2025ರಲ್ಲೂ ಮೇ ಕೊನೆಗೆ 106 ಎಂದು 108 ಬಂತು. ಖಾಸಗಿ ಸಂಸ್ಥೆ ಸ್ಕೈಮೆಟ್ 2023ಕ್ಕೆ 94 ಎಂದಿತ್ತು, ಇಲಾಖೆ 96, ಬಂದದ್ದು 94. ಒಂದು ವರ್ಷದ ಗೆಲುವಿನಿಂದ ಯಾರು ಮೇಲು ಎಂದು ತೀರ್ಮಾನಿಸಲಾಗದು. ಇಲಾಖೆಯ ಅಂಕಿಗೆ ಹೇಗೂ 5 ಹೆಚ್ಚು ಕಡಿಮೆ ಎಂಬ ಷರತ್ತು ಇತ್ತು.

ಆದರೆ ಅದೇ 2023ನ್ನು ಮಂಡ್ಯದಿಂದ ನೋಡಿ. ದೇಶಕ್ಕೆ 94, ಅಂಥ ಅನಾಹುತವಲ್ಲ. ತಿಂಗಳುವಾರು ಬಿಡಿಸಿದರೆ ಜೂನ್ 91, ಜುಲೈ 113, ಆಗಸ್ಟ್ 64, ಸೆಪ್ಟೆಂಬರ್ 113. 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ದೇಶ ಕಂಡಿರಲಿಲ್ಲ. ಕಟ್ಟೆ ತುಂಬಲಿಲ್ಲ, ತಮಿಳುನಾಡಿಗೆ ನೀರು ಬಿಡುವ ಆದೇಶಗಳು ಬಂದವು, ಮಂಡ್ಯ ಬಂದ್ ಆಯಿತು, ಸೆಪ್ಟೆಂಬರ್ 29ಕ್ಕೆ ಕರ್ನಾಟಕವೇ ಬಂದ್ ಆಯಿತು, ಕೊನೆಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಏಪ್ರಿಲ್‌ನ ಒಂದು ಅಂಕಿಯಲ್ಲಿ ಇದ್ಯಾವುದೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆದರೆ ಜುಲೈ ಕೊನೆಯಲ್ಲಿ ಇಲಾಖೆ ಆಗಸ್ಟ್‌ಗೆ ವಾಡಿಕೆಗಿಂತ ಕಡಿಮೆ ಮಳೆ ಎಂದು ಹೇಳಿತ್ತು. ಕೊರತೆ ಅಷ್ಟು ಆಳವಾಗಿರುತ್ತದೆ ಎಂದಲ್ಲ, ದಿಕ್ಕು ಸರಿಯಿತ್ತು. ಆ ಒಂದು ಮಾತಿನ ಮೇಲೆ ಭತ್ತದ ಬದಲು ಅಲ್ಪಾವಧಿ ರಾಗಿಗೋ ಹುರುಳಿಗೋ ಹೊರಳಿದ್ದರೆ ಅಷ್ಟು ನಷ್ಟ ತಪ್ಪುತ್ತಿತ್ತು.

ಆದ್ದರಿಂದ ಏಪ್ರಿಲ್‌ನ ಅಂಕಿಯನ್ನು ಪತ್ರಿಕೆಯಲ್ಲಿ ಓದಿ, ಮಡಚಿಡಿ. ಅದು ಅಕ್ಕಿ ದಾಸ್ತಾನು, ಬ್ಯಾಂಕು, ಬಜೆಟ್ಟಿನವರ ಉಪಯೋಗಕ್ಕೆ. ರೈತನಿಗೆ ಪ್ರತಿ ತಿಂಗಳ ಕೊನೆಯ ಮುನ್ಸೂಚನೆ, ಪ್ರತಿ ಗುರುವಾರ ಬರುವ ನಾಲ್ಕು ವಾರದ ಮುನ್ನೋಟ ಹೆಚ್ಚು ಪ್ರಯೋಜನ. ನಾಲ್ಕು ವಾರದಲ್ಲೂ ಮೊದಲ ಎರಡಕ್ಕೆ ಬೆಲೆ ಕೊಡಿ, ಉಳಿದೆರಡು ಮಸುಕು.

ಕೇರಳಕ್ಕೆ ಮುಂಗಾರು ಮುಟ್ಟುವ ತಾರೀಖಿನ ಗದ್ದಲವೂ ನಮ್ಮ ಖುಷ್ಕಿಗೆ ಅಷ್ಟಾಗಿ ತಟ್ಟದು. 2025ರಲ್ಲಿ ಮೇ 24ಕ್ಕೇ ಬಂತು. ಇಲಾಖೆ 27 ಎಂದು, ನಾಲ್ಕು ದಿನ ಆಚೀಚೆ ಎಂದಿತ್ತು, ಸರಿಯಾಯಿತು. ಆ ವರ್ಷ ಕಟ್ಟೆ ಜೂನ್‌ನಲ್ಲೇ ತುಂಬಿತು. ಕಟ್ಟಿದ ಮೇಲೆ ಅದೇ ಮೊದಲು. ನಾಲೆಯವರಿಗೆ ಹಬ್ಬ. ರಾಗಿ ಬಿತ್ತುವವರು ಆಗಲೂ ತಮ್ಮ ಹದ ಮಳೆಗೆ ಕಾದೇ ಇದ್ದರು.

ಮಳೆ ನಕ್ಷತ್ರವೋ, ಎಐಯೋ

ಹಿರಿಯರ ಹತ್ತಿರ ಮೂರನೆಯದೊಂದು ಲೆಕ್ಕ ಇದೆ: ರೋಹಿಣಿ, ಮೃಗಶಿರ, ಆರಿದ್ರಾ. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದೊಂದು ಮಳೆಯ ಹೆಸರು. "ಮಗೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು." ಇದನ್ನು ಮೂಢನಂಬಿಕೆ ಎಂದು ತಳ್ಳುವವರೂ ತಪ್ಪು, ಮುನ್ಸೂಚನೆ ಎನ್ನುವವರೂ ತಪ್ಪು. ಸೂರ್ಯನ ಲೆಕ್ಕವಾದ್ದರಿಂದ ತಾರೀಖುಗಳು ವರ್ಷವರ್ಷ ಹೆಚ್ಚು ಕಡಿಮೆ ಅವೇ. ರೋಹಿಣಿ ಮೇ 25ರ ಸುಮಾರಿಗೆ, ಮಘಾ ಆಗಸ್ಟ್ 17ರ ಸುಮಾರಿಗೆ. ಅಂದರೆ ಇದು ತಲೆಮಾರುಗಳ ವಾಡಿಕೆ ಮಳೆಯ ಪಟ್ಟಿ. ಹವಾಮಾನ ವಿಜ್ಞಾನಿಗಳೂ ತಮ್ಮ ಮಾದರಿಯನ್ನು ಅಳೆಯುವುದು ವಾಡಿಕೆಯ ಸರಾಸರಿಯ ಎದುರು ನಿಲ್ಲಿಸಿಯೇ. ಅದನ್ನು ಸೋಲಿಸಲಾಗದ ಕಂಪ್ಯೂಟರಿಗೆ ಕರೆಂಟು ದಂಡ. ಹತ್ತು ದಿನದಾಚೆಗೆ ನಮ್ಮ ಸೀಮೆಯ ಮಳೆಗೆ ಅಜ್ಜನ ನಕ್ಷತ್ರವೂ ಆ್ಯಪೂ ಬಹುತೇಕ ಸರಿಸಮ ಎಂಬುದು ನನ್ನ ಅಭಿಪ್ರಾಯ. ಪಂಚಾಂಗದ "ಇಷ್ಟು ಕೊಳಗ ಮಳೆ" ಎಂಬ ವರ್ಷಫಲದ ಮಾತು ಬೇರೆ; ಅದನ್ನು ಯುಗಾದಿಯ ಬೇವುಬೆಲ್ಲದ ಜೊತೆ ಕೇಳಿ ಸಂತೋಷಪಡಬಹುದು.

ಎಐ ಮಾದರಿಗಳು ಹೊಸ ಸೊಸೆಯಂತೆ ಬಂದಿವೆ ಎನ್ನಬೇಡಿ, ಅವು ಆಗಲೇ ಮನೆ ನಡೆಸುತ್ತಿವೆ. ಗೂಗಲ್ ಡೀಪ್‌ಮೈಂಡ್‌ನ ಗ್ರಾಫ್‌ಕಾಸ್ಟ್ 2023ರಲ್ಲಿ ಬಂತು. 1979ರಿಂದ 2017ರವರೆಗಿನ ಹವೆಯ ದಾಖಲೆ ಕಲಿತು, ಹತ್ತು ದಿನದ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಡುತ್ತದೆ. ಯುರೋಪಿಯನ್ ಕೇಂದ್ರ ತನ್ನದೇ ಎಐ ಮಾದರಿಯನ್ನು 2025ರ ಫೆಬ್ರವರಿಯಿಂದ ದಿನನಿತ್ಯದ ಕೆಲಸಕ್ಕೆ ಹಚ್ಚಿದೆ. ಆ ವರ್ಷವೇ ಕೇಂದ್ರ ಕೃಷಿ ಸಚಿವಾಲಯ 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಎಐ ಆಧಾರಿತ ಮುಂಗಾರು ಆಗಮನದ ಸಂದೇಶ ಕಳಿಸಿತು. ನಡುವೆ ಮುಂಗಾರು ನಿಂತುಬಿಟ್ಟದ್ದನ್ನೂ ಅದು ಹಿಡಿದಿತ್ತು. ಚಂಡಮಾರುತದ ದಾರಿ, ಗಾಳಿಯ ದೊಡ್ಡ ಚಲನೆಗಳಲ್ಲಿ ಇವು ಹಳೆಯ ಮಾದರಿಗಳಿಗೆ ಸಮ, ಕೆಲವು ಕಡೆ ಮೇಲು. ಆದರೆ ಗ್ರಾಫ್‌ಕಾಸ್ಟ್‌ನ ಚೌಕ ಸುಮಾರು 28 ಕಿ.ಮೀ. ಮಂಡ್ಯ ಜಿಲ್ಲೆಗೆ ಆರೇಳು ಚೌಕ, ಅಂದರೆ ತಾಲ್ಲೂಕಿಗೊಂದು. ವಿಪರೀತಗಳನ್ನು ಸವರಿ ಸಪಾಟು ಮಾಡುವ ಚಾಳಿಯೂ ಇದಕ್ಕಿದೆ. ಗಾಳಿಯ ವಿಷಯಕ್ಕೆ ಕೇಳಿ; ಸಂಜೆಯ ಆಲಿಕಲ್ಲು ಮಳೆಗೆ ಸದ್ಯಕ್ಕೆ ಕೇಳಬೇಡಿ.

ಮೂವತ್ತು ವರ್ಷದ ಮಾತು

"ನಾಳೆ ಸಂಜೆ ಮಳೆ ಹೇಳೋಕಾಗದವರು 2050ರ ಮಾತು ಹೇಳ್ತಾರಂತೆ!" ಟೀ ಅಂಗಡಿಯಲ್ಲಿ ಇದಕ್ಕೆ ನಗು ಗ್ಯಾರಂಟಿ. ಎರಡೂ ಬೇರೆ ಪ್ರಶ್ನೆಗಳು. ಮುಂದಿನ ವರ್ಷದ ಮೇ 14ಕ್ಕೆ ಮಳೆಯೇ ಎಂದು ಯಾರೂ ಹೇಳಲಾರರು; ಮೇಯಲ್ಲಿ ಜನವರಿಗಿಂತ ಹೆಚ್ಚು ಮಳೆ ಎಂದು ಮಗುವೂ ಹೇಳುತ್ತದೆ. ಹವಾಗುಣದ ಮಾದರಿ ಹೇಳುವುದು ಎರಡನೆಯ ಬಗೆಯದನ್ನು: ಭೂಮಿಗೆ ಬರುವ ಶಾಖ, ಹೊರಹೋಗುವ ಶಾಖದ ಲೆಕ್ಕ ಬದಲಾದರೆ ಸರಾಸರಿ ಎತ್ತ ಸರಿಯುತ್ತದೆ ಎಂದು.

ತಾಪಮಾನದ ಮಟ್ಟಿಗೆ ದಾಖಲೆ ಚೆನ್ನಾಗಿದೆ. ಸ್ಯುಕುರೊ ಮನಾಬೆ ಮತ್ತು ವೆದರಾಲ್ಡ್ 1967ರಲ್ಲೇ ಗಾಳಿಯ ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಎರಡು ಡಿಗ್ರಿ ಚಿಲ್ಲರೆ ಬಿಸಿಯೇರುತ್ತದೆ ಎಂದು ಲೆಕ್ಕ ಕೊಟ್ಟಿದ್ದರು. ಮನಾಬೆಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಈಗಿನ ಅಂದಾಜು ಸುಮಾರು ಮೂರು ಡಿಗ್ರಿ. 1970ರಿಂದ 2007ರ ನಡುವೆ ಪ್ರಕಟವಾದ 17 ಮಾದರಿ ಲೆಕ್ಕಗಳನ್ನು ನಂತರ ನಡೆದ ಸಂಗತಿಯ ಜೊತೆ ಹೋಲಿಸಿದಾಗ, ನಿಜವಾಗಿ ಹೊರಬಿದ್ದ ಅನಿಲದ ಪ್ರಮಾಣವನ್ನು ಹೊಂದಿಸಿಕೊಂಡರೆ 14 ಸರಿಯಾಗಿದ್ದವು. ಎಲ್ಲ ಮಾದರಿಗಳೂ ಹೀಗೇ ಎನ್ನಲಾಗದು. ಈಚಿನ ಪೀಳಿಗೆಯ ಕೆಲವು ಮಾದರಿಗಳು ಅತಿಯಾಗಿ ಬಿಸಿ ತೋರಿಸುತ್ತವೆ ಎಂದು ವಿಜ್ಞಾನಿಗಳೇ ಅವುಗಳ ತೂಕ ಇಳಿಸಿದ್ದಾರೆ.

ಮಳೆಗೆ ಬಂದರೆ ಮತ್ತೆ ಚೌಕದ ಕಥೆ. ಜಾಗತಿಕ ಹವಾಗುಣ ಮಾದರಿಗಳ ಚೌಕ ಬಹಳಷ್ಟು ಸಲ 100 ಕಿ.ಮೀ. ಆಸುಪಾಸು. ಮಂಡ್ಯ ಜಿಲ್ಲೆ ಅಂಥ ಒಂದು ಚೌಕದ ಅರ್ಧ. ಘಟ್ಟದ ಮಳೆಯೂ ನಮ್ಮ ನೆರಳೂ ಒಂದರಲ್ಲೇ ಕಲಸಿಹೋಗುತ್ತವೆ. ಹಾಗಾಗಿ "2045ಕ್ಕೆ ನಿಮ್ಮ ತಾಲ್ಲೂಕಿನಲ್ಲಿ ಶೇ 8.3 ಹೆಚ್ಚು ಮಳೆ" ಎಂಬ ವರದಿ ಕಂಡರೆ ಆ ಪಾಯಿಂಟ್ ಮೂರನ್ನು ನೋಡಿಯೇ ಅನುಮಾನಪಡಿ. ನಂಬಬಹುದಾದ್ದು ಇಷ್ಟು: ಬಿಸಿಲು ಏರುತ್ತದೆ, ಒಂದು ಡಿಗ್ರಿಗೆ ಗಾಳಿ ಸುಮಾರು ಶೇ 7 ಹೆಚ್ಚು ತೇವ ಹಿಡಿಯಬಲ್ಲದು, ಹಾಗಾಗಿ ಸುರಿದಾಗ ಹೆಚ್ಚು ಸುರಿಯುತ್ತದೆ. ಇವತ್ತು ತೆಂಗು ನೆಡುವವರಿಗೆ, ಕೃಷಿ ಹೊಂಡದ ಅಳತೆ ಹಾಕುವವರಿಗೆ, ಮೈಸೂರಿನ ರಾಜಕಾಲುವೆಗೆ ಅಗಲ ನಿಗದಿ ಮಾಡುವ ಎಂಜಿನಿಯರಿಗೆ ಇಷ್ಟೇ ಸಾಕು. ಹಳೆಯ ಸರಾಸರಿಯ ಮೇಲೆ ಚರಂಡಿ ಕಟ್ಟುವುದಕ್ಕಿಂತ ಇದು ಎಷ್ಟೋ ಮೇಲು.

ನೀವೇ ಪರೀಕ್ಷೆ ಮಾಡುವುದಾದರೆ

ಯಾರೋ "ನಮ್ಮದು ಶೇ 95 ನಿಖರ" ಎಂದರೆ ಮರುಳಾಗಬೇಡಿ. 1884ರಲ್ಲಿ ಅಮೆರಿಕದ ಫಿನ್ಲೆ ಎಂಬಾತ ತನ್ನ ಸುಂಟರಗಾಳಿ ಮುನ್ಸೂಚನೆ ಶೇ 96.6 ಸರಿ ಎಂದು ಪ್ರಕಟಿಸಿದ. ಪ್ರತಿ ಸಲವೂ "ಸುಂಟರಗಾಳಿ ಇಲ್ಲ" ಎಂದು ಹೇಳಿದ್ದರೆ ಶೇ 98.2 ಸರಿಯಾಗುತ್ತಿತ್ತು ಎಂದು ಬೇರೆಯವರು ತೋರಿಸಿಕೊಟ್ಟರು. ಮೈಸೂರಿನಲ್ಲಿ ಜನವರಿಯಿಡೀ "ಮಳೆ ಇಲ್ಲ" ಎಂದು ಹೇಳುವ ಆ್ಯಪೂ ಅಷ್ಟೇ ಜಾಣ.

ಗೋಡೆ ಕ್ಯಾಲೆಂಡರಿನಲ್ಲಿ ಹಿಂದಿನ ದಿನವೇ ಆ್ಯಪಿನ ಮಾತು ಬರೆದಿಡಿ, ಮರುದಿನ ಬಿದ್ದದ್ದನ್ನು ಪಕ್ಕದಲ್ಲಿ ಬರೆಯಿರಿ. ಅಂಗಳ ನೆನೆದದ್ದೆಲ್ಲ ಮಳೆಯಲ್ಲ, ಇಲಾಖೆ 2.5 ಮಿ.ಮೀ. ಬಂದರಷ್ಟೆ ಮಳೆಯ ದಿನ ಎನ್ನುತ್ತದೆ, ನಿಮ್ಮ ಪಂಚಾಯಿತಿ ಮಾಪಕದ ಅಂಕಿಯೇ ಪ್ರಮಾಣವಾಗಲಿ. ಆಮೇಲೆ ಎರಡು ಬಗೆಯ ತಪ್ಪುಗಳನ್ನು ಬೇರೆ ಎಣಿಸಿ: ಬರುತ್ತದೆ ಎಂದು ಬಾರದ್ದು, ಬಾರದು ಎಂದು ಬಂದದ್ದು. ಕಣದವರು ಎರಡನೆಯ ತಪ್ಪು ಕಡಿಮೆ ಇರುವ ಆ್ಯಪನ್ನು ಆರಿಸಲಿ, ಸಿಂಪಡಣೆಯವರು ಮೊದಲನೆಯದು ಕಡಿಮೆ ಇರುವುದನ್ನು. ಮೇ ಮತ್ತು ಅಕ್ಟೋಬರಿನ ಲೆಕ್ಕ ಒಂದು ಕಡೆ, ಜೂನ್‌ನಿಂದ ಆಗಸ್ಟ್‌ವರೆಗಿನದು ಇನ್ನೊಂದು ಕಡೆ ಇರಲಿ. ಎರಡನ್ನೂ ಕೂಡಿಸಿ ಒಂದು ಅಂಕಿ ಮಾಡಿದರೆ ಅದು ಯಾವ ಮಳೆಗೂ ಆಗಿಬರುವುದಿಲ್ಲ.